ಬಾಯಿ ಕಿರಿದಾದ ಕುಂಡದಲ್ಲಿ ಗಿಡ ನೆಡುವ ಮೊದಲು

ಪ್ರಾಚೀನ ಮಡಕೆಗಳ ಮಾದರಿಯಲ್ಲಿ ಕೈಯಿಂದ ಮಾಡಿದ ಕುಂಡಗಳ ಒಂದು ಸೆಟ್ ತರಿಸಿಕೊಂಡಿದ್ದೆ. ನಾಲ್ಕರಲ್ಲೂ ಗಿಡ ನೆಟ್ಟು, ಬಿಸಿಲು ಮಳೆ ಎರಡನ್ನೂ ಕಾಣಿಸಿ, ಕೆಲವನ್ನು ಬುಡಮೇಲು ಮಾಡಿ ಮತ್ತೆ ನೆಟ್ಟ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೊಸದಾಗಿ ಬಂದ ದಿನವೇ ಫೋಟೊ ತೆಗೆದು ಐದು ನಕ್ಷತ್ರ ಕೊಡುವವರ ಮಾತು ಕುಂಡಗಳ ವಿಷಯದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕುಂಡದ ಗುಣ ತಿಳಿಯುವುದು ಗಿಡದ ಬೇರು ಅದರ ಗೋಡೆ ಮುಟ್ಟಿದ ಮೇಲೆಯೇ.

ಅವಸರದಲ್ಲಿರುವವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕಪ್ಪು-ಕೆಂಪು ಬೋಗುಣಿ ಮತ್ತು ಹಗ್ಗದ ಗುರುತಿನ ದೊಡ್ಡ ಕುಂಡ, ಈ ಎರಡನ್ನು ಧೈರ್ಯವಾಗಿ ಕೊಳ್ಳಬಹುದು. ಕಪ್ಪು ಬಾಯಿಯ ಎತ್ತರದ ಕುಂಡ ಚೆನ್ನಾಗಿದೆ, ಆದರೆ ಯಾವ ಗಿಡ, ಎಲ್ಲಿ ಇಡುತ್ತೀರಿ ಎಂಬುದನ್ನು ನೋಡಿಕೊಳ್ಳಬೇಕು. ಎರಡು ಹಿಡಿಕೆಯ, ಕಿರುಬಾಯಿಯ ಆಂಫೊರಾ ಜಾಡಿ ಕಣ್ಣಿಗೆ ಹಬ್ಬ, ಗಿಡಕ್ಕೆ ಸೆರೆಮನೆ. ಸೆಟ್ಟಿನ ಜೊತೆ ಬಂದ ಪುಟ್ಟ ಹೂಜಿಯ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ, ಅದು ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು.

ಮ್ಯೂಸಿಯಂಗೆ ಹೋದರೆ ಶಿಲ್ಪಗಳಿಗಿಂತ ಮೊದಲು ಮಡಕೆಗಳ ಕಪಾಟಿನ ಮುಂದೆ ನಿಲ್ಲುವವರ ಪೈಕಿ ನಾನು. ಚೂರಾದ ಗಡಿಗೆಯೊಂದರ ಅಂಚಿನಲ್ಲಿ ಯಾವುದೋ ಕಾಲದ ಕುಂಬಾರನ ಹೆಬ್ಬೆರಳಿನ ಗುರುತು ಕಂಡರೆ ಅಲ್ಲಿಂದ ಕಾಲು ಕೀಳಲು ಮನಸ್ಸೇ ಬರುವುದಿಲ್ಲ. ಹಾಗಾಗಿ 'ಪ್ರಾಚೀನ ಮಡಕೆಗಳಿಂದ ಸ್ಫೂರ್ತಿ' ಎಂದು ಬರೆದುಕೊಂಡ ಯಾವ ವಸ್ತುವನ್ನೇ ನೋಡಿದರೂ ನಾನು ಕೇಳುವುದು ಒಂದೇ ಪ್ರಶ್ನೆ: ಹಳೆಯದರಿಂದ ಏನನ್ನು ತೆಗೆದುಕೊಂಡಿದ್ದಾರೆ? ಆಕಾರವನ್ನೋ, ಮಾಡುವ ಬುದ್ಧಿಯನ್ನೋ? ಹಳೆಯ ಕಾಲದ ಬಹುಪಾಲು ಮಡಕೆಗಳು ಒಳಗಿದ್ದದ್ದನ್ನು ಒಳಗೇ ಉಳಿಸಿಕೊಳ್ಳಲೆಂದು ಮಾಡಿದವು. ಕಾಳು ಚೆಲ್ಲಬಾರದು, ಎಣ್ಣೆ ಸೋರಬಾರದು, ಇಲಿ ಹುಳ ಒಳಗೆ ಹೋಗಬಾರದು. ಗಿಡದ ಕುಂಡದ್ದು ತದ್ವಿರುದ್ಧ ಕೆಲಸ. ಹಾಕಿದ ನೀರು ಹರಿದುಹೋಗಬೇಕು, ಬೇರಿಗೆ ಗಾಳಿಯಾಡಬೇಕು, ವರ್ಷ ಎರಡು ವರ್ಷಕ್ಕೊಮ್ಮೆ ಗಿಡವನ್ನು ಮಣ್ಣಿನ ಮುದ್ದೆ ಸಮೇತ ಹೊರಗೆ ತೆಗೆಯಲು ಬರಬೇಕು. ಇದನ್ನು ಅರಿತು ಮಾಡಿದ ಕುಂಡ ಬೇರೆ, ಮ್ಯೂಸಿಯಂ ಚಿತ್ರ ನೋಡಿ ತಳಕ್ಕೊಂದು ತೂತು ಕೊರೆದ ಕುಂಡ ಬೇರೆ. ಈ ಒಂದೇ ಸೆಟ್ಟಿನಲ್ಲಿ ಎರಡೂ ಇವೆ.

ಕಪ್ಪು-ಕೆಂಪಿನಿಂದಲೇ ಶುರುಮಾಡುತ್ತೇನೆ. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಗುವ ಮಡಕೆಗಳ ಮಾದರಿ ಇದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಾಗ ಸಿಕ್ಕವುಗಳಲ್ಲಿ ಈ ಬಗೆಯ ಪಾತ್ರೆಗಳೂ ಇದ್ದವು. ಒಳಗೆಲ್ಲ ಕಪ್ಪು, ಹೊರಗೆ ಬಾಯಂಚಿನ ಸುತ್ತ ಕಪ್ಪು, ಕೆಳಗೆ ಕೆಂಪು. ಬಣ್ಣ ಬಳಿದದ್ದಲ್ಲ ಇದು, ಬೆಂಕಿ ಕೊಟ್ಟದ್ದು. ಜೇಡಿಮಣ್ಣಿನಲ್ಲಿರುವ ಕಬ್ಬಿಣದ ಅಂಶ ಗಾಳಿ ಸಿಕ್ಕ ಕಡೆ ಕೆಂಪಾಗುತ್ತದೆ, ಗಾಳಿ ಸಿಗದೆ ಹೊಗೆಯಲ್ಲಿ ಬೆಂದ ಕಡೆ ಕಪ್ಪಾಗುತ್ತದೆ. ಪಾತ್ರೆಯನ್ನು ಬೋರಲು ಹಾಕಿ, ಬಾಯಿಯನ್ನು ಹೊಟ್ಟು ಬೂದಿಯಲ್ಲಿ ಹೂತು ಸುಟ್ಟರೆ ಒಂದೇ ಬೆಂಕಿಯಲ್ಲಿ ಎರಡು ಬಣ್ಣ ಬರುತ್ತವೆ. ನನ್ನ ಕುಂಡವನ್ನೂ ಹೀಗೆಯೇ ಸುಟ್ಟಿದ್ದಾಗಿ ಸೆಟ್ಟಿನ ಜೊತೆಗಿದ್ದ ಚೀಟಿಯಲ್ಲಿ ಬರೆದಿದ್ದರು. ನೋಡಿದರೆ ನಂಬಿಕೆ ಬರುತ್ತದೆ. ಕಪ್ಪು ಮುಗಿದು ಕೆಂಪು ಶುರುವಾಗುವ ಗೆರೆ ನೇರವಾಗಿಲ್ಲ. ಒಂದು ಕಡೆ ಬೆರಳಗಲ ಕೆಳಗಿಳಿದಿದೆ, ಇನ್ನೊಂದು ಕಡೆ ಅಂಚಿನವರೆಗೂ ಏರಿದೆ, ನಡುವೆ ಬೂದು, ಕಂದು, ಒಂದು ಕಡೆಯಂತೂ ನೇರಳೆಗೆ ತಿರುಗಿದೆ. ಬ್ರಷ್ ಹಿಡಿದು ಯಾರೂ ಹೀಗೆ ಬಿಡಿಸಲಾರರು.

ಹೊರಮೈಗೆ ಗ್ಲೇಜ್, ಅಂದರೆ ಗಾಜಿನಂಥ ಲೇಪ, ಇಲ್ಲ. ಮಣ್ಣು ಅರೆ ಒಣಗಿದ್ದಾಗ ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ತಂದಿದ್ದಾರೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಲ್ಲು ಓಡಾಡಿದ ಸಣ್ಣ ಸಣ್ಣ ಪಟ್ಟಿಗಳು ಒಂದರ ಮೇಲೊಂದು ಕಾಣುತ್ತವೆ. ಒಳಗೆ ಉಜ್ಜದೆ ಒರಟಾಗಿಯೇ ಬಿಟ್ಟಿದ್ದಾರೆ, ತಿಗರಿಯ ಮೇಲೆ ಬೆರಳು ಸುತ್ತಿದ ಉಂಗುರಗಳು ಹಾಗೇ ಇವೆ. ಬೇರು ಹಿಡಿದುಕೊಳ್ಳಲು ಅದೇ ಒಳ್ಳೆಯದು. ಆಕಾರ ಬೋಗುಣಿಯದು, ಅಂದರೆ ಬಾಯಿಯೇ ಎಲ್ಲಕ್ಕಿಂತ ಅಗಲ. ಗಿಡ ತೆಗೆಯಬೇಕೆಂದರೆ ಓರೆ ಮಾಡಿ ತಳಕ್ಕೆ ತಟ್ಟಿದರೆ ಸಾಕು, ಮಣ್ಣಿನ ಮುದ್ದೆ ಇಡಿಯಾಗಿ ಕೈಗೆ ಬರುತ್ತದೆ. ತಳದಲ್ಲಿ ಕಿರುಬೆರಳು ಸಲೀಸಾಗಿ ಹೋಗುವಂಥ ಮೂರು ತೂತುಗಳಿವೆ, ಮೂರು ಗುಬುಟು ಕಾಲುಗಳೂ ಇವೆ. ಕಾಲುಗಳಿಲ್ಲದಿದ್ದರೆ ಎಷ್ಟು ತೂತಿದ್ದರೂ ತಳ ನೆಲಕ್ಕಂಟಿ ನೀರು ನಿಂತುಬಿಡುತ್ತದೆ. ಈ ಮಾತನ್ನು ಎಷ್ಟೋ ತಯಾರಕರು ಮರೆಯುತ್ತಾರೆ, ಇವರು ಮರೆತಿಲ್ಲ.

ಇದರಲ್ಲಿ ಲೋಳೆಸರ ನೆಟ್ಟಿದ್ದೇನೆ. ಕಡಿಮೆ ಶಾಖದಲ್ಲಿ ಸುಟ್ಟ, ಗ್ಲೇಜ್ ಇಲ್ಲದ ಗೋಡೆ ನೀರನ್ನು ಹೀರಿ ಹೊರಗೆ ಬಿಡುತ್ತಿರುತ್ತದೆ. ಹಾಗಾಗಿ ಒಳಗಿನ ಮಣ್ಣು ಬೇಗ ಆರುತ್ತದೆ, ಬೇರು ಕೊಳೆಯುವ ಭಯ ಕಡಿಮೆ. ಲೋಳೆಸರ, ಕಳ್ಳಿ ಜಾತಿ, ಜೇಡ್ ಪ್ಲಾಂಟ್ ಇವಕ್ಕೆಲ್ಲ ಇಂಥ ಗೋಡೆ ವರ. ಸದಾ ತೇವ ಬೇಡುವ ಗಿಡಗಳನ್ನು ಮಾತ್ರ ಇದರಲ್ಲಿ ಇಡಬೇಡಿ, ಹೊತ್ತಿಲ್ಲದ ಹೊತ್ತಿನಲ್ಲಿ ನೀರು ಕೇಳುತ್ತವೆ. ನೆಡುವ ಮುಂಚೆ ಕುಂಡವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವ ತನಕ ಬಿಡಿ. ಒಣ ಕುಂಡದಲ್ಲಿ ನೆಟ್ಟರೆ ಮೊದಲ ನೀರೆಲ್ಲ ಗೋಡೆಗೇ ಹೋಗುತ್ತದೆ.

ಒಂದು ದೂರು ಬೇಗ ಶುರುವಾಗುತ್ತದೆ, ಅದಕ್ಕೆ ಈಗಲೇ ಉತ್ತರ ಕೊಡುತ್ತೇನೆ. ಕೆಂಪು ಭಾಗದಲ್ಲಿ ಬಿಳಿ ಬಿಳಿ ಪುಡಿ ಮೂಡುತ್ತದೆ. ಕುಂಡದ ದೋಷವಲ್ಲ ಅದು. ನೀರಿನಲ್ಲಿ, ಗೊಬ್ಬರದಲ್ಲಿ ಇರುವ ಲವಣಗಳು ಗೋಡೆಯ ಮೂಲಕ ಹೊರಬಂದು, ನೀರು ಆರಿದ ಮೇಲೆ ಅಲ್ಲೇ ಉಳಿಯುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಬಹಳಷ್ಟು ಹೋಗುತ್ತದೆ. ಉಳಿದದ್ದು ನನಗೆ ಇಷ್ಟವೇ. ತಂತಿ ಬ್ರಷ್ ಹಾಕಿ ತಿಕ್ಕಿದರೆ ಮಾತ್ರ ಕಲ್ಲಿನಿಂದ ತಂದ ಆ ಹೊಳಪು ಶಾಶ್ವತವಾಗಿ ಹೋಗುತ್ತದೆ.

ಎರಡನೆಯದು ಹಗ್ಗದ ಗುರುತಿನದು, ಜಪಾನಿನ ಇತಿಹಾಸಪೂರ್ವ ಕಾಲದ ಜೋಮೋನ್ ಮಡಕೆಗಳ ಮಾದರಿ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮೋರ್ಸ್ 1877ರಲ್ಲಿ ಟೋಕಿಯೊ ಬಳಿಯ ಓಮೊರಿಯ ಚಿಪ್ಪಿನ ದಿಬ್ಬವನ್ನು ಅಗೆಸಿದಾಗ ಹಗ್ಗ ಒತ್ತಿದ ಗುರುತುಗಳಿದ್ದ ಚೂರುಗಳು ಸಿಕ್ಕವು. ಜೋಮೋನ್ ಜನ ತಿಗರಿ ಬಳಸಿದವರಲ್ಲ. ಮಣ್ಣನ್ನು ಸುರುಳಿಯಾಗಿ ಹೊಸೆದು, ಒಂದರ ಮೇಲೊಂದು ಸುತ್ತಿ, ಸಂದು ತಟ್ಟಿ ಕೂಡಿಸಿ ಎತ್ತರಿಸುತ್ತಿದ್ದರು. ಹಸಿಮಣ್ಣಿನ ಮೇಲೆ ಹುರಿಹಗ್ಗ ಉರುಳಿಸಿ ಅಲಂಕಾರ ಮಾಡುತ್ತಿದ್ದರು. ಇಲ್ಲೂ ಹಾಗೆಯೇ ಮಾಡಿದ್ದಾರೆ. ಕುಂಡದೊಳಗೆ ಕೈ ಹಾಕಿ ಗೋಡೆ ಸವರಿದರೆ ಸುರುಳಿಯ ಏರಿಳಿತ ಬೆರಳಿಗೆ ಸಿಗುತ್ತದೆ. ಹೊರಗೆ ಹಗ್ಗದ ಎಳೆಎಳೆಯೂ ಮೂಡಿದೆ, ಒಂದೆಡೆ ಹುರಿ ಸ್ವಲ್ಪ ಬಿಚ್ಚಿಕೊಂಡಿದ್ದ ಜಾಗವೂ ಗೊತ್ತಾಗುತ್ತದೆ.

ಜೋಮೋನ್ ಅಂದರೆ ಬೆಂಕಿಯ ನಾಲಗೆಗಳಂತೆ ಎದ್ದ ಅಂಚಿನ ಆ ಪ್ರಸಿದ್ಧ ಪಾತ್ರೆಗಳೇ ಬಹಳ ಜನರಿಗೆ ನೆನಪಾಗುವುದು. ಈ ಕುಂಬಾರರು ಆ ಅಂಚಿನ ಆಸೆಗೆ ಬೀಳಲಿಲ್ಲ, ಅದಕ್ಕೆ ಅವರಿಗೆ ನನ್ನ ನಮಸ್ಕಾರ. ಗಿಡ ಬದಲಿಸುವಾಗ ಮೊದಲು ಮುರಿಯುವುದೇ ಆ ಕೊಂಬುಗಳು. ಸಾದಾ ಅಂಚು, ಸ್ವಲ್ಪ ಹೊರಕ್ಕೆ ಬಾಗಿ, ಹೆಬ್ಬೆರಳಗಲ ದಪ್ಪ. ತುಂಬಿದ ಕುಂಡವನ್ನು ಆ ಅಂಚಿಗೆ ಕೈಕೊಟ್ಟು ಎಳೆಯಲು ಭಯವಾಗುವುದಿಲ್ಲ. ಹಗ್ಗದ ಗುರುತಿನಿಂದ ನನಗೆ ಇನ್ನೊಂದು ಉಪಕಾರವಾಗಿದೆ. ಕೈ ಒದ್ದೆಯಿದ್ದಾಗ ಗ್ಲೇಜ್ ಕುಂಡ ಜಾರುತ್ತದೆ, ಇದು ಜಾರುವುದಿಲ್ಲ. ತೂಕದ ಪಾತ್ರೆ ಎತ್ತುವವರು ಒರಟು ಮೈಯನ್ನು ಬಯಸುವುದು ಏಕೆಂದು ಇದನ್ನು ಎತ್ತಿದಾಗ ಕೈಗೇ ಗೊತ್ತಾಗುತ್ತದೆ.

ಸುಡುವಿಕೆಯಲ್ಲಿ ಮಾತ್ರ ಇವರು ಹಳೆಯ ದಾರಿ ಬಿಟ್ಟಿದ್ದಾರೆ. ಜೋಮೋನ್ ಮಡಕೆಗಳು ಬಯಲು ಬೆಂಕಿಯಲ್ಲಿ ಕಡಿಮೆ ಶಾಖಕ್ಕೆ ಬೆಂದವು. ಈ ಕುಂಡವನ್ನು ಆವಿಗೆಯಲ್ಲಿ 1200 ಡಿಗ್ರಿಗೂ ಮೇಲೆ ಸುಟ್ಟಿದ್ದಾರೆ, ಅಂದರೆ ಇದು ಸ್ಟೋನ್‌ವೇರ್. ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನುತ್ತದೆ. ಕಪ್ಪು-ಕೆಂಪಿನ ದನಿ ಅದಕ್ಕಿಂತ ಮೆತ್ತಗೆ. ಆ ಶಾಖದಲ್ಲಿ ಮಣ್ಣಿನ ಕಣಗಳು ಕರಗಿ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಗೋಡೆ ನೀರು ಹೀರುವುದು ತೀರಾ ಕಡಿಮೆ. ಹೀಗಾಗಿ ತೇವ ಬೇಡುವ ಗಿಡಗಳಿಗೆ ಇದೇ ಸರಿ. ನಾನು ಫರ್ನ್ ಹಾಕಿದ್ದೇನೆ, ಹೊಸ ಎಲೆಗಳು ಒಂದರ ಹಿಂದೊಂದು ಸುರುಳಿ ಬಿಚ್ಚುತ್ತಿವೆ. ನೀರು ಹೆಪ್ಪುಗಟ್ಟುವಷ್ಟು ಚಳಿಯಿರುವ ಕಡೆ ಹೊರಗಿಡುವವರಿಗೂ ಸ್ಟೋನ್‌ವೇರೇ ವಾಸಿ. ನೀರು ಹೀರಿದ ಮೆತ್ತನೆಯ ಗೋಡೆಯೊಳಗೆ ಮಂಜುಗಟ್ಟಿದರೆ ಪದರ ಪದರವಾಗಿ ಸಿಪ್ಪೆ ಏಳುತ್ತದೆ.

ಮೂರನೆಯದು ಈಜಿಪ್ಟಿನ ಕಪ್ಪು ಬಾಯಿಯ ಮಡಕೆ. ಫೇರೋಗಳು ಬರುವುದಕ್ಕೂ ಮೊದಲಿನದು, ಕ್ರಿ.ಪೂ. 4000ದ ಆಸುಪಾಸಿನದು. 1894-95ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ನಕಾಡಾದ ಗೋರಿಗಳನ್ನು ಅಗೆದು, ಮುಂದೆ ಅಲ್ಲಿನ ಮಡಕೆಗಳ ಆಕಾರ ಬದಲಾದ ಬಗೆಯನ್ನು ನೋಡಿಯೇ ಯಾವ ಗೋರಿ ಮೊದಲು, ಯಾವುದು ನಂತರ ಎಂದು ಸಾಲು ಜೋಡಿಸಿದರು. ಇಸವಿ ಬರೆದಿಡುವವರು ಇಲ್ಲದ ಕಾಲಕ್ಕೆ ಮಡಕೆಯೇ ಪಂಚಾಂಗ. ನನ್ನ ಬಳಿ ಇರುವುದು ಎತ್ತರದ, ಕೆಳಗೆ ಕಿರಿದಾಗುತ್ತ ಹೋಗುವ, ತೆರೆದ ಬಾಯಿಯ ಕುಂಡ. ಮೇಲಿನ ಕಾಲು ಭಾಗ ಇದ್ದಿಲಿನ ಕಪ್ಪು, ಉಳಿದದ್ದು ಗಾಢ ಇಟ್ಟಿಗೆಗೆಂಪು.

ಎತ್ತರದ ಕುಂಡಗಳ ಪರವಾಗಿ ಒಂದು ಮಾತು ಹೇಳಲೇಬೇಕು. ನೀರು ಹಾಕಿ, ಹೆಚ್ಚಿನದೆಲ್ಲ ಬಸಿದುಹೋದ ಮೇಲೂ ತಳದಲ್ಲಿ ಒಂದಿಷ್ಟು ಎತ್ತರದವರೆಗೆ ಮಣ್ಣು ಪೂರ್ತಿ ನೆನೆದೇ ಇರುತ್ತದೆ. ಆ ನೆನೆದ ಪದರದ ಎತ್ತರವನ್ನು ನಿರ್ಧರಿಸುವುದು ಮಣ್ಣಿನ ಮಿಶ್ರಣ. ಕುಂಡ ಎತ್ತರವೋ ಗಿಡ್ಡವೋ ಎಂಬುದು ಅದಕ್ಕೆ ಲೆಕ್ಕವಿಲ್ಲ. ಹಾಗಾಗಿ ಗಿಡ್ಡ ಕುಂಡದಲ್ಲಿ ಅರ್ಧ ಮಣ್ಣು ಕೆಸರಾಗಿದ್ದರೆ ಎತ್ತರದ್ದರಲ್ಲಿ ಗಾಳಿಯಾಡುವ ಮಣ್ಣೇ ಹೆಚ್ಚು. ತಳಕ್ಕೆ ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಎಲ್ಲರಲ್ಲೂ ಇದೆ. ಇದೇ ಸೆಟ್ಟಿನ ಚೀಟಿಯಲ್ಲೂ ಹಾಗೇ ಬರೆದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜಲ್ಲಿ ಹಾಕಿದರೆ ನೆನೆದ ಪದರ ಜಲ್ಲಿಯ ಮೇಲೆ ಬಂದು ಕೂರುತ್ತದೆ, ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತೂತಿನ ಮೇಲೊಂದು ಜಾಲರಿ ಚೂರು ಇಟ್ಟು ತಳದಿಂದಲೇ ಮಣ್ಣು ತುಂಬಿ, ಅಷ್ಟು ಸಾಕು.

ಸ್ನೇಕ್ ಪ್ಲಾಂಟ್ ಇದರಲ್ಲಿ ಸೊಗಸಾಗಿದೆ, ಕುಂಡದ ಎತ್ತರವೂ ಎಲೆಯ ಎತ್ತರವೂ ಒಂದನ್ನೊಂದು ಹೊಂದಿಕೊಂಡು ನಿಂತಿವೆ. ಕೊರತೆ ಇರುವುದು ತಳದಲ್ಲಿ. ಮೂಲದ ಮಡಕೆಯ ಹಾಗೇ ತಳ ತೀರಾ ಚಿಕ್ಕದು. ಮೇಲೆ ಭಾರ, ಕೆಳಗೆ ಕಿರಿದು, ಆದ್ದರಿಂದ ಗಾಳಿ ಬೀಸುವ ಕಡೆ, ಮಕ್ಕಳು ಓಡಾಡುವ ಕಡೆ ಇಡುವ ಹಾಗಿಲ್ಲ. ನಾನು ಗೋಡೆಯ ಮೂಲೆಗೆ ಒತ್ತಿ ಇಟ್ಟಿದ್ದೇನೆ. ತಳವನ್ನು ಇನ್ನೆರಡು ಬೆರಳು ಅಗಲ ಮಾಡಿದ್ದರೆ ಚೆಂದಕ್ಕೇನೂ ಕುಂದು ಬರುತ್ತಿರಲಿಲ್ಲ. ಇದೂ ಮೆತ್ತಗೆ ಬೆಂದ ಮಣ್ಣು. ಉಗುರು ಗೀರಿದರೆ ಏನಾಗದು, ಕೀಲಿಕೈ ಗೀರಿದರೆ ಗೆರೆ ಬೀಳುತ್ತದೆ.

ಇನ್ನು ಆಂಫೊರಾ. ಪೆಟ್ಟಿಗೆ ಬಿಚ್ಚಿದಾಗ ಮನೆಯವರೆಲ್ಲ ಮೊದಲು ಕೈ ಹಾಕಿದ್ದು ಇದಕ್ಕೇ. ಉದ್ದ ಕುತ್ತಿಗೆ, ಭುಜದಿಂದ ಎದ್ದು ಬಾಯಿಗೆ ತಾಗುವ ಎರಡು ಹಿಡಿಕೆ, ಮೊನಚಾದ ತಳ, ನಿಲ್ಲಿಸಲು ಕಬ್ಬಿಣದ ಮುಕ್ಕಾಲಿ. ಮೆಡಿಟರೇನಿಯನ್ ಕಡಲಿನ ವ್ಯಾಪಾರ ಸಾವಿರಾರು ವರ್ಷ ಇಂಥ ಜಾಡಿಗಳ ಮೇಲೆ ನಡೆಯಿತು. ತುರ್ಕಿಯ ಉಲುಬುರುನ್ ಬಳಿ 1982ರಲ್ಲಿ ಪತ್ತೆಯಾದ, 3,300 ವರ್ಷಗಳಷ್ಟು ಹಳೆಯ ಹಡಗಿನಲ್ಲಿ ಇವುಗಳ ಪೂರ್ವಜರೆನ್ನಬಹುದಾದ ಕಾನಾನ್ ಜಾಡಿಗಳು ನೂರಕ್ಕೂ ಹೆಚ್ಚು ಸಿಕ್ಕವು. ಮೊನಚು ತಳ ಶೋಕಿಗಲ್ಲ. ಹಡಗಿನ ಹೊಟ್ಟೆಯಲ್ಲಿ ಒಂದು ಸಾಲಿನ ಭುಜಗಳ ನಡುವೆ ಮೇಲಿನ ಸಾಲಿನ ತಳ ಕೂರುತ್ತಿತ್ತು, ಬಗ್ಗಿಸಿ ಸುರಿಯುವಾಗ ಅದೇ ಮೂರನೇ ಹಿಡಿಕೆಯಾಗುತ್ತಿತ್ತು. ಕಿರಿದಾದ ಬಾಯಿಗೆ ಬಿರಡೆ ಜಡಿದರೆ ಒಳಗಿನದು ಊರು ಸೇರುವ ತನಕ ಭದ್ರ. ರೋಮ್ ನಗರದಲ್ಲಿ ಮೊಂಟೆ ಟೆಸ್ಟಾಚೊ ಎಂಬ ಸುಮಾರು 35 ಮೀಟರ್ ಎತ್ತರದ ಗುಡ್ಡವೊಂದಿದೆ. ಅದು ಪೂರ್ತಿ ಒಡೆದ ಎಣ್ಣೆ ಆಂಫೊರಾಗಳ ರಾಶಿ. ಗ್ಲೇಜ್ ಇಲ್ಲದ ಮಣ್ಣು ಎಷ್ಟು ಹೀರುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಎಣ್ಣೆ ಕುಡಿದ ಗೋಡೆ ಕಮಟು ಹಿಡಿಯುತ್ತದೆ, ಮತ್ತೆ ತುಂಬಲು ಬರುವುದಿಲ್ಲ.

ಸಾಗಣೆಗೆ ಇಷ್ಟು ಬುದ್ಧಿ ಖರ್ಚು ಮಾಡಿ ಕಟ್ಟಿದ ಆಕಾರ ಅದು. ಅದರಲ್ಲಿ ಗಿಡ ನೆಟ್ಟರೆ ಆ ಬುದ್ಧಿಯೆಲ್ಲ ಗಿಡಕ್ಕೇ ಎದುರಾಗಿ ನಿಲ್ಲುತ್ತದೆ. ಬಾಯಿಯಲ್ಲಿ ನನ್ನ ಮುಷ್ಟಿ ಹೋಗುವುದಿಲ್ಲ, ಹೊಟ್ಟೆ ಅದರ ಮೂರು ಪಟ್ಟು ಅಗಲ. ಬೇರು ಹೊಟ್ಟೆಯ ತುಂಬ ಹರಡಿದ ಮೇಲೆ ಆ ಕುತ್ತಿಗೆಯಿಂದ ಹೊರಗೆ ಬರುವ ದಾರಿಯೇ ಇಲ್ಲ. ಬೇರು ಕತ್ತರಿಸಬೇಕು, ಇಲ್ಲ ಕುಂಡ ಒಡೆಯಬೇಕು. ಒಳಗೂ ಹೊರಗೂ ಗ್ಲೇಜ್, ಮೊನಚು ತಳದಲ್ಲಿ ಪೆನ್ಸಿಲ್ ತೂರುವಷ್ಟು ಒಂದೇ ತೂತು. ಕೊಳವೆಯಂತೆ ಕಿರಿದಾದ ಆ ಕೊನೆಯಲ್ಲಿ ನೀರು ನಿಂತೇ ನಿಲ್ಲುತ್ತದೆ. ನೆಟ್ಟ ಮನಿ ಪ್ಲಾಂಟಿನ ಕೆಳಗಿನ ಎಲೆಗಳು ಹಳದಿಗೆ ತಿರುಗಿದವು. ಮಣ್ಣು ಕೆದಕಿ ನೋಡಿದರೆ ಮೇಲೆ ಒಣಕಲು, ಒಳಗೆ ಹುಳಿವಾಸನೆ.

ಇನ್ನೊಂದು ವಿಷಯ ನನ್ನನ್ನು ನಿಜಕ್ಕೂ ನೋಯಿಸಿತು. ವಿವರಣೆಯಲ್ಲಿ ನಾಲ್ಕನ್ನೂ 'ಪೂರ್ತಿ ಕೈಯಿಂದ ಮಾಡಿದ್ದು' ಎಂದಿತ್ತು. ಆಂಫೊರಾದ ಹಿಡಿಕೆಯ ಒಳಬದಿಯಲ್ಲಿ, ಗ್ಲೇಜಿನ ಕೆಳಗೆ, ಮೇಲಿಂದ ಕೆಳಗೆ ಕೂದಲೆಳೆಯಂಥ ನೇರ ಗೆರೆಯೊಂದಿದೆ. ಹೊಟ್ಟೆಯ ಎರಡೂ ಪಕ್ಕ ಅದೇ ಗೆರೆ ಮುಂದುವರಿದಿದೆ. ಎರಡು ಭಾಗದ ಅಚ್ಚಿನ ಜೋಡಣೆ ಅದು. ಅಚ್ಚು ಬಳಸುವುದು ಅಪಚಾರವೇನಲ್ಲ. ಇಟಲಿಯ ಅರೆಟ್ಸೊದ ಕುಂಬಾರರು 2,000 ವರ್ಷಗಳ ಹಿಂದೆಯೇ ತಮ್ಮ ಉಬ್ಬುಚಿತ್ರದ ಕೆಂಪು ಬಟ್ಟಲುಗಳನ್ನು ಅಚ್ಚಿನಲ್ಲಿ ತೆಗೆಯುತ್ತಿದ್ದರು, ಅವು ಇಂದಿಗೂ ಕಣ್ಣು ಕುಕ್ಕುತ್ತವೆ. ಆದರೆ ಅಚ್ಚಿನದನ್ನು ಅಚ್ಚಿನದೆಂದು ಹೇಳಬೇಕು. ಉಳಿದ ಮೂರರ ಮೇಲೆ ಕೈಯ ಗುರುತು ಅಷ್ಟು ಸ್ಪಷ್ಟವಾಗಿರುವಾಗ ನಾಲ್ಕನೆಯದರ ಬಗ್ಗೆ ಮುಚ್ಚಿಡುವ ಅಗತ್ಯವೇ ಇರಲಿಲ್ಲ. ಈ ಬಗ್ಗೆ ಬರೆದಾಗ ಅವರಿಂದ ಸರಿಯಾದ ಉತ್ತರ ಬರಲಿಲ್ಲ.

ಆಂಫೊರಾ ಬೇಕೇ ಬೇಕು ಅನ್ನುವವರು ಒಂದು ಕೆಲಸ ಮಾಡಬಹುದು. ನೇರವಾಗಿ ನೆಡದೆ, ಕುತ್ತಿಗೆಯಲ್ಲಿ ಕೂರುವಂಥ ಸಣ್ಣ ಪ್ಲಾಸ್ಟಿಕ್ ಕುಂಡದಲ್ಲಿ ಇಳಿಬೀಳುವ ಗಿಡ ಹಾಕಿ, ಅದನ್ನು ಬಾಯಿಯಲ್ಲಿ ಸಿಕ್ಕಿಸಿ. ನೀರು ಹಾಕುವಾಗ ಹೊರತೆಗೆದು, ಬಸಿದ ಮೇಲೆ ಮತ್ತೆ ಇಡಿ. ನನ್ನದು ಈಗ ಹೀಗೇ ಇದೆ, ಮನಿ ಪ್ಲಾಂಟ್ ಚೇತರಿಸಿಕೊಂಡಿದೆ.

ಕುಂಡದ ಕೆಳಗಿಡುವ ತಟ್ಟೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ಲೇಜ್ ಇಲ್ಲದ ತಟ್ಟೆ ತಳದಿಂದ ಬೆವರುತ್ತದೆ, ಮರದ ಮೇಜಿನ ಮೇಲೆ ಕಲೆ ಬೀಳುತ್ತದೆ. ಕೆಳಗೊಂದು ಕಾರ್ಕ್ ಬಿಲ್ಲೆ ಇಡಿ. ಪ್ಯಾಕಿಂಗ್ ಮಾತ್ರ ಮೆಚ್ಚುವಂತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದನ್ನು ಚೆನ್ನಾಗಿ ಬಲ್ಲವರೇ ಕಟ್ಟಿದ್ದಾರೆ. ಪ್ರತಿ ಕುಂಡದ ಒಳಗೂ ಕಾಗದ ತುರುಕಿ, ಅಂಚಿಗೆ ಬೇರೆ ಸುತ್ತಿ, ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ಕಳಿಸಿದ್ದರು. ಬಂದ ಕೂಡಲೇ ಒಂದೊಂದನ್ನೂ ಅಂಗೈ ಮೇಲಿಟ್ಟು ತಟ್ಟಿ ನೋಡಿ. ಕಣ್ಣಿಗೆ ಕಾಣದ ಬಿರುಕು ದನಿಯಲ್ಲಿ ಗೊತ್ತಾಗುತ್ತದೆ. ಒಂದೇ ಮಾದರಿಯ ಎರಡು ತರಿಸಿದರೆ ಅಳತೆ ಅಷ್ಟಿಷ್ಟು ಹೆಚ್ಚುಕಡಿಮೆ ಇರುತ್ತದೆ, ಅದಕ್ಕೆ ಬೇಸರಿಸಬೇಡಿ. ಒಣಗುವಾಗ, ಸುಡುವಾಗ ಮಣ್ಣು ಕುಗ್ಗುತ್ತದೆ, ಪ್ರತಿ ಕುಂಡವೂ ತನ್ನದೇ ರೀತಿಯಲ್ಲಿ ಕುಗ್ಗುತ್ತದೆ.

ಯಾರಿಂದಲೇ ಇಂಥ ಕುಂಡ ತರಿಸುವುದಾದರೂ ಹೊರಗಿನ ಎತ್ತರ ಅಗಲ ಕೇಳಿ ಸುಮ್ಮನಾಗಬೇಡಿ. ಬಾಯಿಯ ಒಳ ಅಳತೆ ಎಷ್ಟು, ಹೊಟ್ಟೆಯ ಒಳ ಅಳತೆ ಎಷ್ಟು ಎಂದು ಕೇಳಿ. ಬಾಯಿ ಚಿಕ್ಕದಿದ್ದರೆ ಅದು ಅಲಂಕಾರಕ್ಕೆ ಅಂದುಕೊಳ್ಳಿ. ಒಳಗೆ ಗ್ಲೇಜ್ ಇದೆಯೋ ಇಲ್ಲವೋ, ಎಷ್ಟು ಶಾಖಕ್ಕೆ ಸುಟ್ಟದ್ದು ಎಂದೂ ಕೇಳಿ. ಕೈಯಾರೆ ಮಾಡುವವರು ಇದಕ್ಕೆ ಖುಷಿಯಿಂದ, ಬೇಕಿದ್ದಕ್ಕಿಂತ ಉದ್ದವಾಗಿಯೇ ಉತ್ತರಿಸುತ್ತಾರೆ.

ಈಗ ಆ ಪುಟ್ಟ ಹೂಜಿ. ಅಂಗೈಯಷ್ಟು ಎತ್ತರ, ದುಂಡು ಹೊಟ್ಟೆ, ಹೆಬ್ಬೆರಳು ಹೋಗುವಷ್ಟು ಬಾಯಿ, ಗ್ಲೇಜ್ ಇಲ್ಲ, ಉಜ್ಜಿದ ಹೊಳಪೂ ಇಲ್ಲ, ತಳದಲ್ಲಿ ತೂತೂ ಇಲ್ಲ. ಕತ್ತಿನವರೆಗೆ ಮಣ್ಣಿನಲ್ಲಿ ಹೂತು ನೀರು ತುಂಬಿಡಬೇಕು. ಸುತ್ತಲಿನ ಮಣ್ಣು ಒಣಗಿದಷ್ಟೂ ಗೋಡೆಯ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ, ಮಣ್ಣು ತೇವವಾಗಿದ್ದರೆ ಹೂಜಿ ಬಹುಮಟ್ಟಿಗೆ ಸುಮ್ಮನಿರುತ್ತದೆ. ಚೀನಾದಲ್ಲಿ ಕ್ರಿ.ಪೂ. 1ನೇ ಶತಮಾನದ ಫಾನ್ ಷೆಂಗ್‌ಜಿಯ ಕೃಷಿ ಬರಹದಲ್ಲೇ ಹೀಗೆ ಮಡಕೆ ಹೂತು ಸುತ್ತ ಬಳ್ಳಿ ಬೆಳೆಸುವ ಕ್ರಮವಿದೆ. ಇಲ್ಲಿ ಕಿರಿದಾದ ಬಾಯಿ ಸರಿಯಾದ ಜಾಗದಲ್ಲಿದೆ, ಏಕೆಂದರೆ ಹೂಜಿಯ ಕೆಲಸ ನೀರನ್ನು ಕಾಪಾಡುವುದು. ಗೋಡೆ ಹೀರುವ ಗುಣವೂ ಬೇಕಾದ ಹಾಗೇ ಇದೆ. ನಾನು ಇದನ್ನು ಹಗ್ಗದ ಗುರುತಿನ ಕುಂಡದಲ್ಲಿ ಫರ್ನಿನ ಪಕ್ಕ ಹೂತಿದ್ದೇನೆ. ಊರಿಗೆ ಹೋಗುವಾಗ ತುಂಬಿಸಿಟ್ಟು ಹೋದರೆ ಬರುವ ತನಕ ಫರ್ನ್ ಬಾಡುವುದಿಲ್ಲ. ಸೊಳ್ಳೆ ಮೊಟ್ಟೆಯಿಡದಂತೆ ಬಾಯಿಗೆ ಸರಿಯಾಗಿ ಕೂರುವ ಒಂದು ಬೆಣಚುಕಲ್ಲು ಮುಚ್ಚಿ. ಗಡಸು ನೀರಾದರೆ ಗೋಡೆಯ ಸಣ್ಣ ರಂಧ್ರಗಳು ಕ್ರಮೇಣ ಕಟ್ಟಿಕೊಳ್ಳುತ್ತವೆ, ಆಗ ಕಿತ್ತು ತೆಗೆದು ನೀರು ಬೆರೆಸಿದ ವಿನೆಗರ್‌ನಲ್ಲಿ ನೆನೆಹಾಕಿ ತೊಳೆದು ಮತ್ತೆ ಹೂಳಬೇಕು. ಇದನ್ನು ಬಿಡಿಯಾಗಿಯೂ ಮಾರುತ್ತಾರೆ. ಇಡೀ ಸೆಟ್ ಬೇಡವೆನ್ನುವವರು ಕಪ್ಪು-ಕೆಂಪು ಬೋಗುಣಿ, ಹಗ್ಗದ ಗುರುತಿನ ಕುಂಡ, ಈ ಹೂಜಿ, ಇಷ್ಟನ್ನು ಬೇರೆ ಬೇರೆಯಾಗಿ ತರಿಸಿಕೊಳ್ಳಿ.